ಗುಂಟೆಯೋ, ಸೆಂಟೋ?

ಅಕ್ಕನ ಮದುವೆಯ ಮಾತುಕತೆ ರಾರಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದಿತ್ತು. ಬೀಗರು ತುಂಗಭದ್ರೆಯ ಆಚೆಯವರು, ಸಿಂಧನೂರು ಕಡೆಯವರು. ಹೊಲದ ಮಾತು ಬಂದಾಗ ಅಪ್ಪ, ‘ಹೆಚ್ಚೇನಿಲ್ರಿ, ಎರಡು ಇಪ್ಪತ್ತು ಐತೆ’ ಅಂದರು. ಬೀಗರು ತಲೆಯಾಡಿಸಿದರು. ವರ್ಷದ ಮೇಲೆ ಯಾವುದೋ ಸಾಲಕ್ಕೆಂದು ಪಹಣಿ ತೆಗೆಸಿದಾಗ ಅದನ್ನು ನೋಡಿದ ಬೀಗರು ನಗುತ್ತಲೇ ಕೇಳಿದರು: ‘ಮತ್ತೆ ಆ ಹನ್ನೆರಡು ಗುಂಟೆ ಎಲ್ಲಿ ಹೋದ್ವು?’ ಆ ನಗುವಿನೊಳಗೆ ಒಂದು ಮುಳ್ಳಿತ್ತು. ಅಪ್ಪನ ಮುಖ ಸಣ್ಣದಾಯಿತು.

ಯಾರೂ ಸುಳ್ಳು ಹೇಳಿರಲಿಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ನಮ್ಮಲ್ಲಿ ಹೊಲದ ಲೆಕ್ಕ ಸೆಂಟಿನಲ್ಲಿ, ಎಕರೆಗೆ 100 ಸೆಂಟು. ಹೊಳೆಯಾಚೆಯ ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿ ಲೆಕ್ಕ ಗುಂಟೆಯಲ್ಲಿ, ಎಕರೆಗೆ 40 ಗುಂಟೆ. ಅಪ್ಪ ಎರಡು ಎಕರೆ ಇಪ್ಪತ್ತು ಸೆಂಟು ಅಂದದ್ದು ಬೀಗರ ಕಿವಿಯಲ್ಲಿ ಎರಡೂವರೆ ಎಕರೆಯಾಗಿತ್ತು. ನಡುವಿನ ಮೂವತ್ತು ಸೆಂಟು ಅಂದರೆ ಸರಿಯಾಗಿ ಹನ್ನೆರಡು ಗುಂಟೆ. ಅಂಕಿ ಹೊಳೆ ದಾಟಿತ್ತು, ಅರ್ಥ ಈಚೆ ದಂಡೆಯಲ್ಲೇ ಉಳಿದಿತ್ತು.

ಈ ಸಂಗತಿ ಗೊತ್ತಿದ್ದೂ ನಾನು ಅದೇ ತಪ್ಪು ಮಾಡಿದೆ.

ಪಿಎಚ್‌ಡಿಗೆ ಸೇರುವ ಮೊದಲು ಬೆಂಗಳೂರಿನ ಒಂದು ಆರ್ಕಿಟೆಕ್ಚರ್ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಹಳೆಯ ಹಾಸ್ಟೆಲ್ ಒಂದಕ್ಕೆ ಹೊಸ ಕಟ್ಟಡ ಜೋಡಿಸುವ ಕೆಲಸ ಬಂತು. ವಿನ್ಯಾಸ ಇನ್ನೊಂದು ಕಚೇರಿಯದು, ಸೈಟಿಗೆ ಬೇಕಾದ ನಕ್ಷೆಗಳನ್ನು ತಯಾರಿಸುವುದು ನಮ್ಮದು. ಅವರು ಬಳಸುತ್ತಿದ್ದದ್ದು ಬುಡಾಪೆಸ್ಟಿನಲ್ಲಿ ಹುಟ್ಟಿದ ಆರ್ಕಿಕ್ಯಾಡ್. ನಾವು ಬಳಸುತ್ತಿದ್ದದ್ದು 2002ರಲ್ಲಿ ಆಟೊಡೆಸ್ಕ್ ಕೊಂಡುಕೊಂಡ ರೆವಿಟ್. ಎರಡರಲ್ಲೂ ಬರೆಯುವುದು ಬರಿ ಗೆರೆಯಲ್ಲ. ಗೋಡೆ ಎಳೆದರೆ ಅದು ಗೋಡೆಯೆಂದು ಕಂಪ್ಯೂಟರಿಗೆ ಗೊತ್ತಿರುತ್ತದೆ: ಎಷ್ಟು ದಪ್ಪ, ಯಾವ ಇಟ್ಟಿಗೆ, ಯಾವ ಅಂತಸ್ತು ಎಲ್ಲ. ಆದರೆ ಒಂದರ ಕಡತವನ್ನು ಇನ್ನೊಂದು ತನ್ನದರಷ್ಟೇ ಸಲೀಸಾಗಿ ಓದಲಾರದು. ಅದಕ್ಕೆಂದೇ ನಡುವೆ ಐಎಫ್‌ಸಿ ಎಂಬ ಸಾಮಾನ್ಯ ಕಡತವಿದೆ. ಆಟೊಡೆಸ್ಕ್ 1994ರಲ್ಲಿ ಬೇರೆ ಅಮೆರಿಕನ್ ಕಂಪನಿಗಳನ್ನು ಸೇರಿಸಿಕೊಂಡು ಶುರುಮಾಡಿದ ಪ್ರಯತ್ನ ಅದು. ಈಗ ಅದನ್ನು ನೋಡಿಕೊಳ್ಳುವುದು ಬಿಲ್ಡಿಂಗ್‌ಸ್ಮಾರ್ಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ. 2013ರಲ್ಲಿ ಅದು ಐಎಸ್‌ಒ 16739 ಎಂಬ ಮಾನದಂಡವೂ ಆಯಿತು.

ನುಡಿಯಲ್ಲಿ ಟೈಪು ಮಾಡಿಟ್ಟ ಹಳೆಯ ಕಥೆಯನ್ನು ಯೂನಿಕೋಡ್‌ಗೆ ಬದಲಿಸಿದವರಿಗೆ ಈ ದಾಟಿಸುವ ಕೆಲಸದ ಕಷ್ಟ ಗೊತ್ತಿರುತ್ತದೆ. ಪುಟವೆಲ್ಲ ಚೆನ್ನಾಗಿ ಬಂದು, ಎಲ್ಲೋ ಒಂದು ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ. ಐಎಫ್‌ಸಿಯಲ್ಲೂ ಹಾಗೆಯೇ. ಯಾವ ಜಾತಿಗೂ ಸೇರಿಸಲಾಗದ ವಸ್ತುವಿಗೆ ಅಲ್ಲಿ ‘ಪ್ರಾಕ್ಸಿ’ ಎಂಬ ಹೆಸರು. ಆಕಾರ ಇರುತ್ತದೆ, ತಾನು ಏನು ಎಂಬುದು ಮಾತ್ರ ಇರುವುದಿಲ್ಲ. ಆ ಹಾಸ್ಟೆಲಿನ ಮಾದರಿಯಲ್ಲಿ ಕೆಲವು ಕಿಟಕಿಯ ಚಜ್ಜಾಗಳು ಹೀಗೆ ಪ್ರಾಕ್ಸಿಗಳಾಗಿ ಬಂದಿದ್ದವು. ನಾನು ಎರಡು ದಿನ ಕೂತು ಒಂದೊಂದನ್ನೂ ಹುಡುಕಿ ಸರಿಮಾಡಿದೆ. ಅಂತಸ್ತುಗಳನ್ನು ನೋಡಿದೆ. ಮೊದಲ ಮಹಡಿಯ ಮಟ್ಟ ಅವರಲ್ಲಿ 3300 ಮಿಲಿಮೀಟರ್, ನಮ್ಮಲ್ಲೂ 3300. ‘ಮಾದರಿ ಸರಿಯಾಗಿ ಬಂದಿದೆ’ ಎಂದು ಎರಡೂ ಕಚೇರಿಗೆ ಮೇಲ್ ಕಳಿಸಿದೆ.

ಸೈಟಿನಲ್ಲಿ ಸೆಂಟ್ರಿಂಗ್ ಮುಗಿದು, ಕಂಬಿ ಕಟ್ಟಿ, ಮರುದಿನ ಬೆಳಿಗ್ಗೆ ಕಾಂಕ್ರೀಟ್ ಹಾಕುವುದಿತ್ತು. ಕೆಲಸದವರು ಮಾನ್ವಿ ಕಡೆಯಿಂದ ಗುಳೆ ಬಂದವರು. ಸಂಜೆ ಮೇಸ್ತ್ರಿ ಹಳೆಯ ಕಟ್ಟಡದ ವರಾಂಡದಿಂದ ಹೊಸದಕ್ಕೆ ನೀರಿನ ಪೈಪು ಹಿಡಿದು ಮಟ್ಟ ನೋಡಿದ. ಆಮೇಲೆ ನನ್ನನ್ನು ಕರೆದು ಕೇಳಿದ: ‘ಸಾರ್, ನೀವು ಕೊಟ್ಟಿದ್ದು ಸ್ಲ್ಯಾಬ್ ಲೆವೆಲ್ಲೋ, ಫಿನಿಶ್ ಲೆವೆಲ್ಲೋ?’

ನನಗೆ ತಕ್ಷಣ ಅರ್ಥವಾಯಿತು. ಅವರ 3300 ಟೈಲ್ಸ್ ಕೂತ ಮೇಲಿನ ಮಟ್ಟ, ಹಳೆಯ ವರಾಂಡದ ನೆಲಕ್ಕೆ ಸರಿಸಮ. ನಮ್ಮ ಕಚೇರಿಯ ರೂಢಿಯಲ್ಲಿ ಮಹಡಿಯ ಮಟ್ಟವೆಂದರೆ ಕಾಂಕ್ರೀಟಿನ ಮೇಲ್ಮೈ. ಗಾರೆ, ಟೈಲ್ಸಿಗೆ ಬಿಡಬೇಕಾದ 75 ಮಿಲಿಮೀಟರನ್ನು ಯಾರೂ ಬಿಟ್ಟಿರಲಿಲ್ಲ. ಹಾಗೇ ಕಾಂಕ್ರೀಟ್ ಬಿದ್ದಿದ್ದರೆ ಹಳೆಯದಕ್ಕೂ ಹೊಸದಕ್ಕೂ ಮಧ್ಯೆ ಮೂರು ಇಂಚಿನ ಒಂದು ಮೆಟ್ಟಿಲು, ಕತ್ತಲಲ್ಲಿ ಎಡವುವುದಕ್ಕೆಂದೇ ಮಾಡಿಟ್ಟಂತೆ, ಶಾಶ್ವತವಾಗಿ ಉಳಿಯುತ್ತಿತ್ತು.

ಸಾಫ್ಟ್‌ವೇರ್‌ಗಳದೇನೂ ತಪ್ಪಿರಲಿಲ್ಲ. ಮೂರು ಸಾವಿರದ ಮುನ್ನೂರನ್ನು ಒಂದು ಮಿಲಿಮೀಟರೂ ಕಳೆಯದೆ ದಾಟಿಸಿದ್ದವು. ಪ್ರಾಕ್ಸಿಯಾದ ಚಜ್ಜಾ ಕಣ್ಣಿಗೆ ಬೀಳುತ್ತದೆ, ಜಾರಿದ ಅರ್ಕಾವತ್ತೂ ಬೀಳುತ್ತದೆ. ಎರಡೂ ಕಡೆ ಒಂದೇ ಆಗಿ ಕಾಣುವ ಅಂಕಿ ಬೀಳುವುದಿಲ್ಲ. ಹೊಂದದೇ ಇದ್ದದ್ದನ್ನೆಲ್ಲ ನಾನು ಅನುಮಾನದಿಂದ ನೋಡಿದ್ದೆ, ಹೊಂದಿದ್ದನ್ನು ನಂಬಿಬಿಟ್ಟಿದ್ದೆ.

ಸೆಂಟ್ರಿಂಗ್ ಇಳಿಸಿ, ಕಂಬಿ ಬಿಚ್ಚಿ ಮತ್ತೆ ಕಟ್ಟಲು ನಾಲ್ಕು ದಿನ ಹಿಡಿಯಿತು. ಎರಡು ಕಚೇರಿಗಳ ನಡುವೆ ಮೇಲ್‌ಗಳು ಓಡಾಡಿದವು. ನಿಮ್ಮ ಮಟ್ಟ ಏನೆಂದು ನೀವು ಹೇಳಬೇಕಿತ್ತು ಎಂದು ನಾವು. ನೀವು ಕೇಳಬೇಕಿತ್ತು ಎಂದು ಅವರು. ಮೇಸ್ತ್ರಿಯ ಗುಂಪಿನದು ಚದರಡಿ ಲೆಕ್ಕದ ಗುತ್ತಿಗೆ. ಒಂದೇ ಸ್ಲ್ಯಾಬಿಗೆ ಎರಡು ಸಲ ದುಡ್ಡು ಕೊಡುವ ಕಾಲಂ ಯಾವ ಬಿಲ್ಲಿನಲ್ಲೂ ಇರಲಿಲ್ಲ. ಬಹಳ ಮಾತಾದ ಮೇಲೆ ಎರಡು ದಿನದ ಕೂಲಿ ಸಿಕ್ಕಿತು. ಅವನು ಆ ಪ್ರಶ್ನೆ ಕೇಳದೆ ಸುಮ್ಮನಿದ್ದಿದ್ದರೆ ಅವನ ಜನ ಮರುದಿನ ಕಾಂಕ್ರೀಟ್ ಹಾಕಿ, ಪೂರ್ತಿ ದುಡ್ಡು ಎಣಿಸಿಕೊಳ್ಳುತ್ತಿದ್ದರು. ಮೀಟಿಂಗಿನಲ್ಲಿ ನಾನೂ ಇದ್ದೆ. ‘ಸರಿಯಾಗಿ ಬಂದಿದೆ ಎಂದು ಬರೆದವನು ನಾನು’ ಎಂದು ಹೇಳಬೇಕಿತ್ತು. ಬಾಯಿ ಬಿಡಲಿಲ್ಲ.

ಅಮೆರಿಕದ ಮಾನದಂಡಗಳ ಸಂಸ್ಥೆ ನಿಸ್ಟ್ 2004ರಲ್ಲಿ ಒಂದು ವರದಿ ಪ್ರಕಟಿಸಿತ್ತು. ಕಟ್ಟಡ ಮತ್ತು ಕಾರ್ಖಾನೆಗಳ ನಿರ್ಮಾಣದಲ್ಲಿ ಮಾಹಿತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾಗಿ ದಾಟದೆ ಆ ದೇಶಕ್ಕೆ ವರ್ಷಕ್ಕೆ 1580 ಕೋಟಿ ಡಾಲರ್ ನಷ್ಟವೆಂದು ಅದು ಲೆಕ್ಕ ಹಾಕಿತ್ತು. ಅದರ ಮೂರನೇ ಎರಡು ಪಾಲು ಬಿದ್ದದ್ದು ನಕ್ಷೆ ಬರೆಯುವವರ ಮೇಲಲ್ಲ, ಕಟ್ಟಡದ ಮಾಲೀಕರು ಮತ್ತು ಅದನ್ನು ನಡೆಸುವವರ ಮೇಲೆ. ಮೊದಲ ಸಲ ಓದಿದಾಗ ಆ ದೊಡ್ಡ ಅಂಕಿಗಿಂತ ಈ ಪಾಲಿನ ಲೆಕ್ಕವೇ ನನ್ನನ್ನು ಹಿಡಿದು ನಿಲ್ಲಿಸಿತು. ತಪ್ಪು ಒಂದು ಕಡೆ, ದಂಡ ಇನ್ನೊಂದು ಕಡೆ. ನಮ್ಮ ಸೈಟಿನ ಎರಡು ದಿನದ ಕೂಲಿ ಯಾವ ವರದಿಗೂ ಬರುವುದಿಲ್ಲ.

ನಮ್ಮ ಸಿರುಗುಪ್ಪದ ಭತ್ತಕ್ಕೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟು ಕೂಡ ಇಬ್ಬರು ಸೇರಿ ಕಟ್ಟಿದ ಒಂದು ಗೋಡೆ. 1945ರ ಫೆಬ್ರುವರಿ 28ರಂದು ಎರಡು ದಂಡೆಗಳಲ್ಲಿ ಎರಡು ಅಡಿಗಲ್ಲು ಬಿದ್ದವು: ಎಡದಂಡೆಯಲ್ಲಿ ಹೈದರಾಬಾದಿನವರದು, ಬಲದಂಡೆಯಲ್ಲಿ ಮದ್ರಾಸಿನವರದು. ಎರಡು ಸರ್ಕಾರ, ಎರಡು ಎಂಜಿನಿಯರ್ ಪಡೆ. ಕಟ್ಟಿ ಮುಗಿಯುವ ಹೊತ್ತಿಗೆ ರಾಜ್ಯಗಳ ಗಡಿಯೇ ಬದಲಾಗತೊಡಗಿತ್ತು. 1953ರಲ್ಲಿ ತುಂಗಭದ್ರಾ ಮಂಡಳಿ ರಚನೆಯಾಯಿತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ನೀರು ನುಗ್ಗಿದಾಗ, ಹೊಣೆ ಯಾರದೆಂದು ನಮ್ಮೂರಿನ ಚಹಾ ಅಂಗಡಿಯಲ್ಲೂ ಜಗಳವಾಯಿತು. ಮಂಡಳಿಯನ್ನು ಬೈದವರೇ ಹೆಚ್ಚು. ಬೈಯುವುದಕ್ಕಾದರೂ ಇಬ್ಬರ ನಡುವೆ ಒಂದು ಕಚೇರಿ ಇದೆಯಲ್ಲ ಎಂದು ನನಗೆ ಆಗ ಅನ್ನಿಸಿತು. ನಮ್ಮ ಹಾಸ್ಟೆಲಿನ ಕೆಲಸದಲ್ಲಿ ಎರಡು ಕಚೇರಿಗಳ ನಡುವೆ ಇದ್ದದ್ದು ಬರಿ ಒಂದು ಕಡತ. ಕಡತ ಉತ್ತರ ಹೇಳುವುದಿಲ್ಲ.

ಈಗ ನನ್ನ ಸಂಶೋಧನೆ ಇದರ ಮೇಲೆಯೇ. ಎರಡು ಕಚೇರಿಗಳು ಮಾದರಿ ಹಂಚಿಕೊಳ್ಳುವ ಮೊದಲು ಬರೆದುಕೊಳ್ಳಬೇಕಾದ ಒಪ್ಪಂದದ ಪುಟಗಳನ್ನು ಓದುತ್ತೇನೆ. ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ವಾರಕ್ಕೆ ಎಷ್ಟು ಸಲ ಕಳಿಸಬೇಕು ಎಂಬುದೆಲ್ಲ ಅವುಗಳಲ್ಲಿ ವಿವರವಾಗಿರುತ್ತದೆ. ‘ಮಟ್ಟ ಎಂದರೆ ಯಾವುದರ ಮಟ್ಟ?’ ಎಂಬ ಸಾಲನ್ನು ನಾನು ಹುಡುಕುತ್ತೇನೆ. ತಪ್ಪಾದರೆ ಮತ್ತೆ ಮಾಡುವವರ ಕೂಲಿ ಯಾರು ಕೊಡಬೇಕು ಎಂಬ ಸಾಲನ್ನೂ.

ಹೋದ ಸಲ ಊರಿಗೆ ಹೋದಾಗ ಅಪ್ಪ ಏನು ಓದುತ್ತಿದ್ದೀ ಎಂದು ಕೇಳಿದರು. ಹಾಸ್ಟೆಲಿನ ಕಥೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಹುಡುಗ್ರಿಗೆ ಉಳಿದ ಎರಡು ದಿನದ್ದು ಕೊಟ್ರೇನು?’ ಅಂದರು. ಇಲ್ಲ ಅಂದೆ. ಅಪ್ಪ ಮತ್ತೇನೂ ಕೇಳಲಿಲ್ಲ.