ಮುಳ್ಳು ತೆಗೆಯುವ ಹುಡುಗ

ಎಡಗಾಲನ್ನು ಬಲ ಮೊಣಕಾಲಿನ ಮೇಲಿಟ್ಟು, ಬಗ್ಗಿ, ಅಂಗಾಲಿನ ಮುಳ್ಳು ಕೀಳುತ್ತಿರುವ ಹುಡುಗ. ಈ ಪ್ರಾಚೀನ ಕಂಚಿನ ಪ್ರತಿಮೆಯನ್ನು 1471ರಲ್ಲಿ ಪೋಪ್ ನಾಲ್ಕನೇ ಸಿಕ್ಸ್‌ಟಸ್ ರೋಮ್‌ನ ಜನತೆಗೆ ಕೊಟ್ಟ. ಇಂದಿಗೂ ಅದು ಅಲ್ಲಿನ ಕ್ಯಾಪಿಟೋಲೈನ್ ಮ್ಯೂಸಿಯಂನಲ್ಲಿದೆ.

ನನಗೆ ಅದಕ್ಕಿಂತ ಇಷ್ಟವಾದದ್ದು ಅದರ ಪುಟಾಣಿ ರೂಪ. ಇಟಲಿಯ ಮಾಂಟುವಾದ ಗೊನ್ಜಾಗಾ ಅರಸರ ಆಸ್ಥಾನದ ಶಿಲ್ಪಿ ಪಿಯೆರ್ ಯಾಕೊಪೊ ಅಲಾರಿ ಬೊನಾಕೋಲ್ಸಿ, ಎಲ್ಲರ ಬಾಯಲ್ಲಿ ‘ಆಂಟಿಕೊ’, 1500ರ ಆಸುಪಾಸಿನಲ್ಲಿ ಮಾಡಿದ್ದು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಪ್ರತಿಯ ಎತ್ತರ 20 ಸೆಂಟಿಮೀಟರ್‌ ಕೂಡ ಇಲ್ಲ. ಮೈಯೆಲ್ಲ ಕಪ್ಪು ನುಣುಪು, ಗುಂಗುರು ಕೂದಲಿಗೆ ಚಿನ್ನದ ಲೇಪ, ಕಣ್ಣಿಗೆ ಬೆಳ್ಳಿ. ಆ ಬೆಳ್ಳಿಯಿಂದಾಗಿಯೇ ಹುಡುಗ ನಿಜಕ್ಕೂ ಮುಳ್ಳನ್ನೇ ದಿಟ್ಟಿಸುತ್ತಿದ್ದಾನೆ ಅನಿಸುತ್ತದೆ. ಇದನ್ನು ಬರೀ ನಕಲು ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಇಂಥ ಕಂಚಿನ ಪ್ರತಿಮೆ ಮಾಡುವ ಮೇಣದ ಎರಕದಲ್ಲಿ ಸಾಮಾನ್ಯವಾಗಿ ಮೇಣ ಕರಗಿದರೆ ಮೂಲ ಮಾದರಿಯೂ ಹೋದಂತೆ. ಆಂಟಿಕೊ ಮೊದಲು ಮಾದರಿಯಿಂದ ಬಿಡಿ ಬಿಡಿ ಅಚ್ಚು ತೆಗೆದುಕೊಂಡು, ಆ ಅಚ್ಚಿನಲ್ಲಿ ಬೇರೆ ಮೇಣದ ರೂಪ ಮಾಡಿ ಅದನ್ನು ಕರಗಿಸುತ್ತಿದ್ದ. ಮಾದರಿ ಭದ್ರವಾಗಿ ಉಳಿಯುತ್ತಿತ್ತು. ಹಾಗಾಗಿಯೇ 1519ರಲ್ಲಿ, ಹಿಂದೆ ಬಿಷಪ್ ಲುಡೊವಿಕೊ ಗೊನ್ಜಾಗಾನಿಗಾಗಿ ಮಾಡಿದ್ದ ಪ್ರತಿಮೆಗಳನ್ನೇ ಮತ್ತೆ ಎರಕ ಹೊಯ್ಯಿಸಿ ಕೊಡುತ್ತೇನೆ ಎಂದು ಮಾಂಟುವಾದ ಅರಸಿ ಇಸಬೆಲ್ಲಾ ದೆಸ್ತೆಗೆ ಅವನು ಬರೆಯಲು ಸಾಧ್ಯವಾಯಿತು. ಬಿಷಪ್ ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು.