ಕೆಲಸ ಬಲ್ಲವರು

ಭಾನುವಾರದ ಪತ್ರಿಕೆಯಲ್ಲಿ ನಾನು ತಪ್ಪದೆ ಓದುವುದು ‘ಬೇಕಾಗಿದ್ದಾರೆ’ ಜಾಹೀರಾತುಗಳನ್ನು. ಕೆಲಸ ಹುಡುಕುವ ವಯಸ್ಸು ದಾಟಿ ಎಷ್ಟೋ ಕಾಲವಾಯಿತು. ಆದರೂ ಯಾವ ಊರಲ್ಲಿ ಯಾರಿಗೆ ಎಂಥವರು ಬೇಕಾಗಿದ್ದಾರೆ ಎಂದು ತಿಳಿಯುವ ಕುತೂಹಲ ಹೋಗಿಲ್ಲ. ಅದರಲ್ಲೂ ಸಣ್ಣ ಹೋಟೆಲು, ವರ್ಕ್‌ಶಾಪಿನವರು ಕೊಡುವ ಎರಡು ಸಾಲಿನ ಜಾಹೀರಾತುಗಳೆಂದರೆ ನನಗೆ ಇಷ್ಟ. ದೋಸೆ, ಇಡ್ಲಿ, ಮಧ್ಯಾಹ್ನದ ಊಟ ಮಾಡಬಲ್ಲ ಅಡುಗೆಯವರು ಬೇಕು, ಊಟ ವಸತಿ ಉಂಟು. ಏನು ಮಾಡಲು ಬರಬೇಕು ಎಂಬುದು ಅಲ್ಲಿ ನೇರವಾಗಿ ಇರುತ್ತದೆ. ದೊಡ್ಡ ಕಂಪನಿಗಳದು ಉದ್ದದ ಪಟ್ಟಿ: ಯಾವುದಾದರೂ ಪದವಿ, ಮೂರು ವರ್ಷದ ಅನುಭವ, ಉತ್ತಮ ಸಂವಹನ ಕೌಶಲ, ನಾಯಕತ್ವದ ಗುಣ, ತಂಡದಲ್ಲಿ ಬೆರೆಯುವ ಮನೋಭಾವ. ಆಸ್ಪತ್ರೆಯ ಸ್ವಾಗತಕಾರರಿಗೂ ಅದೇ ಪಟ್ಟಿ, ಸಿಮೆಂಟ್ ಮಾರುವವರಿಗೂ ಅದೇ ಪಟ್ಟಿ.

ಈ ಪಟ್ಟಿ ಬರೆಯುವವರು ಬರೆಯುವ ಮುಂಚೆ ಆ ಕೆಲಸವನ್ನು ಚೆನ್ನಾಗಿ ಮಾಡುವವರ ಪಕ್ಕದಲ್ಲಿ ಒಂದು ದಿನವಾದರೂ ಕೂತಿದ್ದರೇ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಗಾಬರಿಯಲ್ಲಿ ಓಡಿಬಂದವನ ಮಾತಿನಿಂದ ರೋಗಿಗೆ ಏನಾಯಿತು, ಯಾವಾಗ ಆಯಿತು ಎಂಬುದನ್ನು ಅರ್ಧ ನಿಮಿಷದಲ್ಲಿ ಹೆಕ್ಕಿ, ಯಾವ ಬಾಗಿಲಿಗೆ ಹೋಗಬೇಕೆಂದು ಹೇಳುವುದು ಒಂದು ಸಾಮರ್ಥ್ಯ. ಅಂಗಡಿಯವನ ಸ್ನೇಹ ಕೆಡದಂತೆ ಮೂರು ತಿಂಗಳ ಬಾಕಿ ವಸೂಲು ಮಾಡುವುದು ಇನ್ನೊಂದು. ಎರಡನ್ನೂ ‘ಸಂವಹನ ಕೌಶಲ’ ಎಂಬ ಒಂದೇ ಡಬ್ಬಿಗೆ ಹಾಕಿದರೆ ಆಯ್ಕೆ ಮಾಡುವವರಿಗೆ ಹುಡುಕಬೇಕಾದ್ದು ಏನೆಂದೇ ತಿಳಿಯುವುದಿಲ್ಲ.

ಇಂದು ಎಚ್‌ಆರ್ ವಿಭಾಗದವರ ಬಾಯಲ್ಲಿ ಸದಾ ಇರುವ ‘ಕಾಂಪಿಟೆನ್ಸಿ’ಯ ಕಥೆ ಆರಂಭವಾದದ್ದೂ ಇಂಥ ತೊಡಕಿನಿಂದಲೇ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಜಾಣತನವನ್ನು ಅಳೆಯುವ ಬದಲು ಕೆಲಸದ ಸಾಮರ್ಥ್ಯವನ್ನು ಅಳೆಯೋಣ ಎಂದು 1973ರಲ್ಲಿ ಅವರು ಬರೆದ ಲೇಖನ ಆ ಕ್ಷೇತ್ರದಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ಸುಮಾರು ಅದೇ ಕಾಲಕ್ಕೆ ಅಮೆರಿಕದ ವಿದೇಶಾಂಗ ಇಲಾಖೆ ಅವರ ಸಹಾಯ ಕೇಳಿತು. ಬೇರೆ ದೇಶಗಳಲ್ಲಿ ಗ್ರಂಥಾಲಯ ನಡೆಸಿ, ಸಾಂಸ್ಕೃತಿಕ ಕಾರ್ಯಕ್ರಮ ಏರ್ಪಡಿಸಿ, ಅಮೆರಿಕದ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆಸಬೇಕಾದ ಮಾಹಿತಿ ಅಧಿಕಾರಿಗಳನ್ನು ಇಲಾಖೆ ಕಠಿಣ ಪರೀಕ್ಷೆಯ ಮೇಲೆ ಆರಿಸುತ್ತಿತ್ತು. ಇತಿಹಾಸ, ಅರ್ಥಶಾಸ್ತ್ರ, ಇಂಗ್ಲಿಷ್, ಪಾಶ್ಚಾತ್ಯ ಸಂಸ್ಕೃತಿ ಎಲ್ಲವೂ ಅದರಲ್ಲಿದ್ದವು. ಆದರೆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರೇ ಆ ದೇಶಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದರು ಎಂದೇನೂ ಇರಲಿಲ್ಲ. ಬಡ ಮತ್ತು ಕಪ್ಪು ಜನಾಂಗದ ಅಭ್ಯರ್ಥಿಗಳು ಮಾತ್ರ ಆ ಜರಡಿಯಲ್ಲಿ ಉಳಿಯುತ್ತಿರಲಿಲ್ಲ.

ಮೆಕ್‌ಕ್ಲೆಲ್ಯಾಂಡ್ ಮಾಡಿದ್ದು ಬಹಳ ಸರಳವಾದ ಕೆಲಸ. ನಿಮ್ಮಲ್ಲಿ ಅತ್ಯುತ್ತಮರೆಂದು ಎಲ್ಲರೂ ಒಪ್ಪುವ ಅಧಿಕಾರಿಗಳ ಹೆಸರು ಕೊಡಿ, ಕೆಲಸ ಉಳಿಸಿಕೊಳ್ಳುವಷ್ಟು ಮಾತ್ರ ಮಾಡುವವರ ಹೆಸರೂ ಕೊಡಿ ಎಂದರು. ಇಬ್ಬರ ಹತ್ತಿರವೂ ಕೂತು, ನಿಮ್ಮ ಕೈಯಲ್ಲಿ ಚೆನ್ನಾಗಿ ನಡೆದ ಕೆಲವು ಪ್ರಸಂಗ ಹೇಳಿ, ಕೆಟ್ಟುಹೋದದ್ದನ್ನೂ ಹೇಳಿ ಎಂದು ಕೇಳಲಾಯಿತು. ಆಗ ಎದುರಿಗೆ ಯಾರಿದ್ದರು, ನೀವು ಏನಂದಿರಿ, ಮನಸ್ಸಿನಲ್ಲಿ ಏನು ಓಡುತ್ತಿತ್ತು, ಕೊನೆಗೆ ಏನಾಯಿತು? ಅಭಿಪ್ರಾಯ ಬೇಡ, ನಡೆದದ್ದು ಬೇಕು. ಎರಡು ಗುಂಪಿನವರ ಮಾತನ್ನೂ ಹೋಲಿಸಿದಾಗ ಉತ್ತಮರಲ್ಲಿ ಮೂರು ಸಂಗತಿ ಎದ್ದು ಕಂಡವು. ಪರದೇಶದವರ ಮಾತಿನ ಹಿಂದಿನ ಭಾವವನ್ನು ಅವರು ಕೇಳಬಲ್ಲವರಾಗಿದ್ದರು. ಎದುರಾಳಿ ಕೂಡ ಮೂಲದಲ್ಲಿ ಒಳ್ಳೆಯವನೇ ಎಂಬ ನಂಬಿಕೆ ಅವರಿಗೆ ಕಷ್ಟಕಾಲದಲ್ಲೂ ಹೋಗುತ್ತಿರಲಿಲ್ಲ. ಹೊಸ ಊರಿಗೆ ಹೋದ ಸ್ವಲ್ಪ ದಿನದಲ್ಲೇ ಅಲ್ಲಿ ಯಾರ ಮಾತು ಯಾರ ಹತ್ತಿರ ನಡೆಯುತ್ತದೆ ಎಂದು ತಿಳಿದುಬಿಡುತ್ತಿದ್ದರು. ಈ ಮೂರನ್ನೂ ಹಳೆಯ ಪರೀಕ್ಷೆ ಕೇಳಿಯೇ ಇರಲಿಲ್ಲ.

ಇದೇ ಮೆಕ್‌ಕ್ಲೆಲ್ಯಾಂಡ್ ಅದಕ್ಕೂ ಮೊದಲು, 1960ರ ದಶಕದಲ್ಲಿ, ನಮ್ಮ ಪಕ್ಕದ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ ತರಬೇತಿ ಕೊಡುವ ಪ್ರಯೋಗ ನಡೆಸಿದ್ದರು. ಸಾಧಿಸಬೇಕೆಂಬ ಛಲವನ್ನು ದೊಡ್ಡವರಾದ ಮೇಲೂ ಕಲಿಸಬಹುದೇ ಎಂಬುದು ಪ್ರಶ್ನೆ. ತರಬೇತಿ ಪಡೆದವರು ಆಮೇಲಿನ ವರ್ಷಗಳಲ್ಲಿ ವ್ಯಾಪಾರ ವಿಸ್ತರಿಸುವುದರಲ್ಲಿ ಮುಂದಾದದ್ದನ್ನು 1969ರ ಪುಸ್ತಕದಲ್ಲಿ ಅವರು ದಾಖಲಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವಲ್ಲ, ಆ ಮಾತನ್ನು ಸ್ವಲ್ಪ ತಡೆದು ಹೇಳಬೇಕೆಂದು ನನಗೆ ಅನ್ನಿಸಿದ್ದು ಇದನ್ನು ಓದಿದ ಮೇಲೆ.

ಇನ್ನು ನಮ್ಮ ಊರುಗಳಿಗೆ ಬರೋಣ. ಗ್ರಾಮ ಲೆಕ್ಕಿಗರನ್ನು ನಮ್ಮ ರಾಜ್ಯದಲ್ಲಿ ಬಹಳ ವರ್ಷ ಪಿಯುಸಿ ಅಂಕಗಳ ಮೇಲೆಯೇ ಆರಿಸುತ್ತಿದ್ದರು. 2024ರಲ್ಲಿ, ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದಾದ ಮೇಲೆ, 1000 ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ಬಂತು. ಅದು ಒಂದು ಹೆಜ್ಜೆ ಮುಂದೆಯೇ ಸರಿ. ಆದರೆ ಆ ಕೆಲಸದಲ್ಲಿ ಹೆಸರು ಮಾಡಿದವರನ್ನು ನೋಡಿ. ಬದುವಿನ ಜಗಳದಲ್ಲಿ ಎರಡೂ ಕಡೆಯವರು ಕುಡುಗೋಲು ಹಿಡಿದು ನಿಂತಾಗ ಅವರನ್ನು ಕೂರಿಸಿ ಮಹಜರು ಬರೆಯುತ್ತಾರೆ. ಬೆಳೆಹಾನಿಯ ಪಟ್ಟಿಗೆ ಗದ್ದೆ ಇಲ್ಲದವನ ಹೆಸರು ಸೇರದಂತೆ, ಗದ್ದೆ ಇದ್ದೂ ಕೇಳಲು ಬಾರದವನ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳುತ್ತಾರೆ. ಪಿಂಚಣಿ ನಿಂತಿದೆ ಎಂದು ಬಂದ ಮುದುಕಿಗೆ ‘ನಾಳೆ ಬಾ’ ಎನ್ನುವುದಿಲ್ಲ. “ಬನ್ನಿ ಅಜ್ಜಿ, ಬ್ಯಾಂಕಿನ ಪುಸ್ತಕ ತಂದಿದ್ದೀರಾ? ಆಧಾರ್‌ನಲ್ಲಿ ಹೆಸರು ಹೇಗಿದೆ ನೋಡೋಣ” ಎಂದು ತೊಡಕು ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾರೆ. ಇದರಲ್ಲಿ ಯಾವುದನ್ನು ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ ಅಳೆದೀತು? ಅಳೆಯದಿದ್ದರೆ ಬೇಡ, ಆಯ್ಕೆಯಾದ ಮೇಲಿನ ತರಬೇತಿಯಾದರೂ ಅದನ್ನೇ ಹಿಡಿಯಬೇಕು. ಒಳ್ಳೆಯ ಗ್ರಾಮ ಲೆಕ್ಕಿಗರೊಬ್ಬರ ಜೊತೆ ಒಂದು ಮಳೆಗಾಲ ತಿರುಗಿದ ಹುಡುಗನಿಗೆ ಸಿಗುವ ಪಾಠವನ್ನು ಯಾವ ಕೊಠಡಿಯೂ ಕೊಡಲಾರದು.

ಹಾಗಾದರೆ ಸಂದರ್ಶನ ಮಾಡಲಿ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಶಿಫಾರಸು, ಲಂಚಗಳಿಗೆ ಅದು ಬಾಗಿಲಾಗುತ್ತಿತ್ತು ಎಂಬ ಕಾರಣ ಸುಳ್ಳಲ್ಲ. ಟೈಪಿಂಗ್‌ನಂಥ ಕೌಶಲ ಪರೀಕ್ಷೆ ಮಾತ್ರ ಉಳಿಯಿತು. ಅದು ಸರಿಯಾದ ನಿರ್ಧಾರವೆಂದೇ ನನ್ನ ಮತ. ಯಾಕೆಂದರೆ ನಮ್ಮ ಬಹುಪಾಲು ಸಂದರ್ಶನಗಳಲ್ಲಿ ಕೇಳುವುದು ಊರು, ತಂದೆಯ ಉದ್ಯೋಗ, ಮುಂದಿನ ಐದು ವರ್ಷದ ಕನಸು. ‘ನಿಮ್ಮ ದೊಡ್ಡ ಶಕ್ತಿ ಯಾವುದು?’ ಎಂದರೆ ಉರುಹೊಡೆದ ಉತ್ತರ ಬರುತ್ತದೆ. ‘ಸಿಟ್ಟಾದ ಗ್ರಾಹಕನೊಬ್ಬನನ್ನು ಈಚೆಗೆ ಹೇಗೆ ಸಂಭಾಳಿಸಿದಿರಿ, ಮೊದಲಿನಿಂದ ಹೇಳಿ’ ಎಂದರೆ, ಮಾಡಿದವರು ಹೇಳುತ್ತಲೇ ಹೋಗುತ್ತಾರೆ, ಮಾಡದವರು ಮೂರನೆಯ ವಾಕ್ಯಕ್ಕೆ ನಿಲ್ಲುತ್ತಾರೆ. ಎಲ್ಲ ಅಭ್ಯರ್ಥಿಗಳಿಗೂ ಇಂಥ ಒಂದೇ ಪ್ರಶ್ನೆ ಕೇಳಿ, ಒಂದೇ ಅಳತೆಯಲ್ಲಿ ಅಂಕ ಹಾಕುವ ಸಂದರ್ಶನವಿದ್ದರೆ ಅದಕ್ಕೆ ನನ್ನ ತಕರಾರಿಲ್ಲ.

ನನಗೆ ಹೆಚ್ಚು ಕಾಳಜಿ ಇರುವುದು ಬಡ್ತಿಯ ಬಗ್ಗೆ. ಆಯ್ಕೆ ತಪ್ಪಿದರೆ ಒಂದು ಕುರ್ಚಿಗೆ ನಷ್ಟ; ಮೇಲ್ವಿಚಾರಕರ ಆಯ್ಕೆ ತಪ್ಪಿದರೆ ಅವರ ಕೆಳಗಿರುವ ಐವತ್ತು ಜನರ ದಿನವೇ ಹಾಳು. ಇದನ್ನು ನೋಡಬೇಕೆಂದರೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗಬೇಕು. ಅಂಗಿಯ ಕಾಲರು ಒಂದು ಮಷಿನ್‌ನಲ್ಲಿ, ಕಫ್ ಇನ್ನೊಂದರಲ್ಲಿ, ತೋಳು ಮತ್ತೊಂದರಲ್ಲಿ ಹೊಲಿದು, ಲೈನಿನ ಕೊನೆಗೆ ಇಡೀ ಅಂಗಿ ಹೊರಬರುತ್ತದೆ. ನಡುವಿನಲ್ಲಿ ಒಬ್ಬರು ರಜೆ ಹಾಕಿದರೆ ಅವರ ಹಿಂದೆ ಪೀಸುಗಳು ಗುಡ್ಡೆ ಬೀಳುತ್ತವೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ, ಸಂಜೆ ಟಾರ್ಗೆಟ್ ಆಗಲಿಲ್ಲವೆಂದು ಎಲ್ಲರಿಗೂ ಬೈಗುಳ. ನಮ್ಮ ಬೀದಿಯಲ್ಲಿರುವ ಟೈಲರ್ ಹೆಣ್ಣುಮಗಳೊಬ್ಬಳು ಒಮ್ಮೆ ಹೇಳಿದಳು: “ನಮ್ಮ ಹಳೇ ಸೂಪರ್‌ವೈಸರಮ್ಮ ಬೈದದ್ದೇ ಇಲ್ಲ ಸಾರ್. ಬೆಳಿಗ್ಗೆ ಬಂದ ತಕ್ಷಣ ಯಾರು ಬಂದಿಲ್ಲ ಅಂತ ನೋಡಿ, ಆ ಮಷಿನ್‌ಗೆ ಯಾರನ್ನ ಕೂರಿಸಬೇಕು ಅಂತ ಬೆಲ್ ಹೊಡೆಯೋದ್ರೊಳಗೆ ತೀರ್ಮಾನ ಮಾಡಿಬಿಡೋರು. ಈಗಿನೋರಿಗೆ ಮಧ್ಯಾಹ್ನ ಪೀಸು ಗುಡ್ಡೆ ಬಿದ್ದ ಮೇಲೇ ಗೊತ್ತಾಗೋದು. ಆಮೇಲೆ ಕೂಗಾಟ.”

ಅವಳ ಮಾತನ್ನೇ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಅಚ್ಯುತ ಅಧ್ವರ್ಯು ಮತ್ತು ಅವರ ಸಂಗಡಿಗರು ಭಾರತದ ದೊಡ್ಡ ಗಾರ್ಮೆಂಟ್ ಕಂಪನಿಯೊಂದರ ಎರಡು ವರ್ಷದ ದಿನದಿನದ ಉತ್ಪಾದನೆಯನ್ನು ಲೈನುವಾರು ತೆಗೆದುಕೊಂಡು, ಆ ಲೈನುಗಳ ಸೂಪರ್‌ವೈಸರ್‌ಗಳ ಗುಣ, ರೂಢಿಗಳ ಜೊತೆ ಹೋಲಿಸಿದರು. ಲೈನಿನ ಮೇಲೆ ಕಣ್ಣಿಟ್ಟು ಕೆಲಸಗಾರರ ಜೊತೆ ಮಾತಾಡುತ್ತ ಇರುವವರು, ಸಮಸ್ಯೆಯನ್ನು ತಾವೇ ಮುಂದಾಗಿ ಬಿಡಿಸುವವರು ಇರುವ ಕಡೆ ಉತ್ಪಾದನೆ ಹೆಚ್ಚಿತ್ತು, ಹೊಸ ವಿನ್ಯಾಸವನ್ನು ಕಲಿಯುವ ವೇಗವೂ ಹೆಚ್ಚಿತ್ತು. ಆದರೆ ಸಂಬಳದಲ್ಲಿ ಈ ಗುಣಕ್ಕೆ ತಕ್ಕ ಬೆಲೆ ಸಿಕ್ಕಿರಲಿಲ್ಲ. ಆರಿಸುವಾಗಲೇ ಇದನ್ನು ಅಳೆದು, ಆರಿಸಿದ ಮೇಲೆ ಇದರಲ್ಲೇ ತರಬೇತಿ ಕೊಟ್ಟರೆ ಕಂಪನಿಗೆ ದೊಡ್ಡ ಲಾಭವಿದೆ ಎಂದು ಅವರ ಲೆಕ್ಕ ಹೇಳಿತು. ಬೆಂಗಳೂರಿನ ಕಾರ್ಖಾನೆಗಳಲ್ಲಿ ಹೊಲಿಗೆಯ ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯದ ಹೊಂದಾಣಿಕೆ, ಸಮಸ್ಯೆ ಬಿಡಿಸುವುದು, ಹಣಕಾಸು ಇವುಗಳನ್ನು ಕಲಿಸುವ ಪೇಸ್ ಎಂಬ ತರಬೇತಿಯನ್ನೂ ಇದೇ ಬಳಗದವರು ಪರಿಶೀಲಿಸಿದರು. ತರಬೇತಿ ಪಡೆದವರ ಕೆಲಸ ಚುರುಕಾಯಿತು, ಅವರ ಪಕ್ಕ ಕೂತವರದೂ ಸ್ವಲ್ಪ ಚುರುಕಾಯಿತು, ಖರ್ಚಿಗಿಂತ ಗಳಿಕೆ ಎಷ್ಟೋ ಪಾಲು ಹೆಚ್ಚಾಯಿತು. ಹೊಲಿಯುವವರಿಗೆ ಮಾತುಗಾರಿಕೆ ಯಾಕೆ ಎಂದು ಕೇಳುವ ಯಜಮಾನರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ತರಬೇತಿಯ ಮಾತು ಬಂದಾಗಲೆಲ್ಲ ನನಗೆ ಮಹಾರಾಷ್ಟ್ರದ ಗಡಚಿರೋಲಿಯ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿಯ ಕೆಲಸ ನೆನಪಾಗುತ್ತದೆ. ಎಳೆಕೂಸಿಗೆ ನ್ಯುಮೋನಿಯಾ ಬಂದಿದೆಯೇ ಎಂದು ತಿಳಿಯಲು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಬೇಕು. ಅರುವತ್ತರವರೆಗೆ ಎಣಿಸಲು ಬಾರದ ಸೂಲಗಿತ್ತಿ ಏನು ಮಾಡಬೇಕು? ಅವರು ಒಂದು ನಿಮಿಷದ ಮರಳುಗಡಿಯಾರಕ್ಕೆ ಮಣಿಗಳನ್ನು ಜೋಡಿಸಿದ ಸಾಧನ ಮಾಡಿಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು, ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂದರೆ ಅಪಾಯ. ಕೆಲಸಕ್ಕೆ ನಿಜವಾಗಿ ಬೇಕಾದ್ದು ಉಸಿರಿನ ವೇಗ ಗುರುತಿಸುವುದು ಎಂದು ಅವರು ಕಂಡುಕೊಂಡಿದ್ದರು, ಆದ್ದರಿಂದ ಅಕ್ಷರ ಅಡ್ಡ ಬರಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳನ್ನು ತರಬೇತಿಗೊಳಿಸಿ ಮನೆಮನೆಗೆ ಕಳಿಸಿದ ಆ ಪ್ರಯೋಗದಲ್ಲಿ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯಿತೆಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ದೇಶದ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ 3, 7, 14, 21, 28, 42ನೆಯ ದಿನ ಹೋಗಿ ಕೂಸನ್ನು ನೋಡುವ ಪದ್ಧತಿ ಬಂದದ್ದು ಇಲ್ಲಿಂದಲೇ. 2005ರಲ್ಲಿ ಆಶಾ ಯೋಜನೆ ಶುರುವಾದಾಗ ಓದು ಎಂಟನೆಯ ತರಗತಿ ಸಾಕು, ಆದರೆ ಅದೇ ಹಳ್ಳಿಯವಳಾಗಿರಬೇಕು, ಮಾತು ಬಲ್ಲವಳಾಗಿರಬೇಕು, ನಾಲ್ಕು ಜನರನ್ನು ಕೂಡಿಸಬಲ್ಲವಳಾಗಿರಬೇಕು ಎಂದು ನಿಯಮ ಮಾಡಿದವರು ಆ ಕೆಲಸವನ್ನು ಹತ್ತಿರದಿಂದ ನೋಡಿದ್ದರು. ಆ ಹೆಣ್ಣುಮಕ್ಕಳಿಗೆ ಈ ಸಾಮರ್ಥ್ಯಕ್ಕೆ ತಕ್ಕ ಸಂಬಳ ಇವತ್ತಿಗೂ ಇಲ್ಲ, ಅದು ನ್ಯಾಯವಲ್ಲ.

ಕೆಲಸ ನೋಡಿ ಆಳನ್ನು ಆರಿಸುವ ಈ ರೂಢಿ ನಮ್ಮ ಉಡುಪಿ ಹೋಟೆಲುಗಳಲ್ಲಿ ಬಹಳ ಹಿಂದಿನಿಂದ ಇತ್ತು. ಲೋಟ ತೊಳೆಯಲು ಸೇರಿದ ಹುಡುಗ ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಅಡುಗೆಮನೆಗೋ ಗಲ್ಲಾಪೆಟ್ಟಿಗೆಗೋ ಹೋಗುತ್ತಿದ್ದ. ಯಾರು ಎಲ್ಲಿಗೆ ಎಂಬುದನ್ನು ಮಾಲೀಕರು ದಿನವೂ ಕಣ್ಣಾರೆ ನೋಡಿ ತೀರ್ಮಾನಿಸುತ್ತಿದ್ದರು. ಒಳ್ಳೆಯ ಭಟ್ಟರನ್ನು ಅಡುಗೆಮನೆಯಿಂದ ಎಬ್ಬಿಸಿ ಗಲ್ಲಾದಲ್ಲಿ ಕೂರಿಸುತ್ತಿರಲಿಲ್ಲ, ಅವರಿಗೆ ಅಲ್ಲೇ ಸಂಬಳ, ಮರ್ಯಾದೆ ಹೆಚ್ಚಿಸುತ್ತಿದ್ದರು. ನಮ್ಮ ಶಾಲೆಗಳಲ್ಲೂ ಆಸ್ಪತ್ರೆಗಳಲ್ಲೂ ಒಳ್ಳೆಯ ಮೇಷ್ಟರು, ಒಳ್ಳೆಯ ನರ್ಸು ಮೇಲೇರಬೇಕಾದರೆ ತಾವು ಬಲ್ಲ ಕೆಲಸವನ್ನೇ ಬಿಟ್ಟು ಕಡತಗಳ ಹಿಂದೆ ಕೂರಬೇಕು.

ಸರ್ಕಾರಿ ಕಚೇರಿಗಳಲ್ಲಿ ನೌಕರರ ಕೆಲಸ ಅಳೆಯಲು ವಾರ್ಷಿಕ ಗೋಪ್ಯ ವರದಿ ಎಂಬುದಿತ್ತು. ಮೇಲಿನವರು ಬರೆಯುವುದು, ಕೆಳಗಿನವರಿಗೆ ಕಾಣಿಸದೆ ಬೀಗ ಹಾಕುವುದು. ವರದಿಯಲ್ಲಿನ ಒಂದೊಂದು ಮಾತನ್ನೂ ನೌಕರನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿತು. ಆಮೇಲೆ 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಿಷನ್ ಕರ್ಮಯೋಗಿ ಎಂಬ ತರಬೇತಿ ಯೋಜನೆ ಪ್ರತಿ ಹುದ್ದೆಗೂ ಬೇಕಾದ ಸಾಮರ್ಥ್ಯಗಳ ಪಟ್ಟಿ ಮಾಡಲು ಹೊರಟಿದೆ. ಪಟ್ಟಿ ಒಳ್ಳೆಯದೇ. ಆದರೆ ವರ್ಷದ ಕೊನೆಗೆ ‘ಉತ್ತಮ’ ಎಂದು ಒಂದು ಪದ ಬರೆದು ಸಹಿ ಹಾಕುವ ಬದಲು, ‘ಅರ್ಜಿಯ ತೊಡಕನ್ನು ಜನರಿಗೆ ಬಿಡಿಸಿ ಹೇಳುವುದರಲ್ಲಿ ನೀವು ಹಿಂದಿದ್ದೀರಿ, ಈ ಮೂರು ತಿಂಗಳು ಕೌಂಟರಿನಲ್ಲಿ ಇವರ ಜೊತೆ ಕೂತು ನೋಡಿ’ ಎಂದು ಎದುರಿಗೆ ಕೂರಿಸಿ ಹೇಳುವ ಮೇಲಧಿಕಾರಿ ಬರುವವರೆಗೆ ಪಟ್ಟಿ ಕಂಪ್ಯೂಟರಿನಲ್ಲಿಯೇ ಇರುತ್ತದೆ.

ಇದನ್ನು ಓದುತ್ತಿರುವವರಲ್ಲಿ ನಾಲ್ಕು ಜನರ ಬಡ್ತಿ ತೀರ್ಮಾನಿಸುವ ಅಧಿಕಾರ ಇರುವವರು ಇದ್ದೇ ಇರುತ್ತೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಸೇವಾ ಹಿರಿತನದ ಪಟ್ಟಿ ಮೇಜಿನ ಮೇಲಿರಲಿ, ಬೇಡವೆನ್ನುವುದಿಲ್ಲ. ಸಹಿ ಹಾಕುವ ಮೊದಲು ಆ ವಿಭಾಗಕ್ಕೆ ಇಳಿದುಹೋಗಿ, ಕೆಳಗಿನ ಹಂತದಲ್ಲಿರುವ ಹತ್ತು ಜನರನ್ನು ಒಬ್ಬೊಬ್ಬರಾಗಿ ಕೇಳಿ: ಕೆಲಸ ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ನೀವು ಮೊದಲು ಯಾರ ಹತ್ತಿರ ಹೋಗುತ್ತೀರಿ, ಅವರು ಆಗ ಏನು ಮಾಡುತ್ತಾರೆ?