ಸಂದು ಚುಕ್ಕಿ

ಕಳೆದ ಧನುರ್ಮಾಸದಲ್ಲಿ ಹೆಂಡತಿಗೆ ಮಂಡಿನೋವು ಜೋರಾಗಿ, ಬಗ್ಗಿ ಏಳುವ ಕೆಲಸಗಳೆಲ್ಲ ನನ್ನ ಪಾಲಿಗೆ ಬಂದವು. ಬಾಗಿಲು ಗುಡಿಸಿದೆ, ನೀರು ಚಿಮುಕಿಸಿದೆ. ರಂಗೋಲಿ ಎಂದಾಗ ಮಾತ್ರ ಕೈಕಾಲು ಆಡಲಿಲ್ಲ. "ಸ್ಟಿಕ್ಕರ್ ತಂದು ಅಂಟಿಸಿದರಾಯಿತು" ಎಂದೆ.

"ಧನುರ್ಮಾಸದಲ್ಲಿ ಸ್ಟಿಕ್ಕರ್ರಾ? ನಾಲ್ಕು ಎಳೆ ಎಳೆದು ಬನ್ನಿ ಸಾಕು. ಅದೇನು ಬ್ರಹ್ಮವಿದ್ಯೆಯೇನ್ರೀ?"

ಬ್ರಹ್ಮವಿದ್ಯೆಯೇ. ಮೂವತ್ತೈದು ವರ್ಷ ಲೆಡ್ಜರಿನಲ್ಲಿ ಗೆರೆ ಹೊಡೆದ ಕೈ ನನ್ನದು. ಆದರೆ ಅಲ್ಲಿ ಸ್ಕೇಲಿತ್ತು. ಇಲ್ಲಿರುವುದು ಹೆಬ್ಬೆರಳು, ತೋರುಬೆರಳು, ನಡುವೆ ಚಿಟಿಕೆ ಬಿಳಿ ಪುಡಿ. ಕೈ ಓಡಿದರೆ ಎಳೆ ತೆಳ್ಳಗೆ ಬೀಳುತ್ತದೆ. ಯೋಚಿಸುತ್ತ ನಿಂತರೆ ನಿಂತಲ್ಲೇ ಪುಡಿ ಗುಪ್ಪೆಯಾಗುತ್ತದೆ. ಎಲ್ಲೆಲ್ಲಿ ಹೆದರಿದೆ ಎನ್ನುವುದು ನೆಲದ ಮೇಲೆ ಬೆಳ್ಳಗೆ ಬಿದ್ದಿರುತ್ತದೆ. ಇಡೀ ಬೀದಿ ಓದಿಕೊಂಡು ಹೋಗಬಹುದು.

ಮೊದಲ ದಿನ ಐದೂಕಾಲಿಗೆ, ಕತ್ತಲಲ್ಲೇ, ಸದ್ದಾಗದಂತೆ ಗೇಟು ತೆಗೆದೆ. ಆರಿಸಿಕೊಂಡದ್ದು ಸುಲಭದ್ದು: ಏಳು ಚುಕ್ಕಿ, ನಾಲ್ಕು ಬರುವವರೆಗೆ, ಸಂದು ಚುಕ್ಕಿ. ನಡುಸಾಲಿಗೆ 7, ಅದರ ಮೇಲೂ ಕೆಳಗೂ ಎರಡು ಚುಕ್ಕಿಯ ಸಂದಿಗೆ ಒಂದರಂತೆ 6, 5, 4. ಒಟ್ಟು 37. ಲೆಕ್ಕ ತಪ್ಪಲಿಲ್ಲ. ನೆಲ ಮಾತ್ರ ಒದ್ದೆ ಜಾಸ್ತಿಯಾಗಿ ಪುಡಿ ನೆನೆದು ಹರಡಿತು. ಸುತ್ತಿ ಬರುವ ಎಳೆ ಹೊರಟಲ್ಲಿಗೇ ಬಂದು ಸೇರಬೇಕು. ನನ್ನದು ಗೇಟಿನ ಕಡೆ ಹೋದದ್ದು ಬರಲೇ ಇಲ್ಲ.

ಹಾಲಿನ ಹುಡುಗ ಸೈಕಲ್ ನಿಲ್ಲಿಸಿ, "ಅಂಕಲ್, ಇದು ಮ್ಯಾಪಾ?" ಎಂದ. ಚಾಪೆ ಕೆಳಗೆ ತೂರುವವನನ್ನು ಮೀರಿಸಿ ರಂಗೋಲಿ ಕೆಳಗೆ ತೂರುವವನ ಗಾದೆಯಿದೆಯಲ್ಲ, ಆ ಬೆಳಿಗ್ಗೆ ನನಗೆ ನಿಜಕ್ಕೂ ತೂರಿಕೊಳ್ಳುವಂತಾಯಿತು. ಎದುರುಮನೆಯವರು ಏನೂ ಅನ್ನಲಿಲ್ಲ. ಅದು ಇನ್ನೂ ಉರಿಯಿತು.

ಎಳೆಯ ಈ ಸುತ್ತಾಟಕ್ಕೊಂದು ವ್ಯಾಕರಣವೂ ಇದೆ. 1974ರಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಎಂಬ ಮೂವರು ತಮಿಳರ ಕೋಲವನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣಕ್ಕೆ ಕೂರಿಸಿ ಸಂಶೋಧನಾ ಪ್ರಬಂಧವನ್ನೇ ಬರೆದರು. ನಮ್ಮ ಎಳೆ ರಂಗೋಲಿ ಅದರ ತಂಗಿ. ಇದನ್ನು ದೊಡ್ಡದಾಗಿ ಹೇಳಿದರೆ ಹೆಂಡತಿ ನಕ್ಕಳು. ಅವಳಮ್ಮ ಸಹಿ ಮಾಡಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದವರು. ಅದೇ ಹೆಬ್ಬೆಟ್ಟಿನಲ್ಲಿ ಹದಿಮೂರು ಚುಕ್ಕಿಯದನ್ನು, ಪಕ್ಕದ ಮನೆಯವರ ಜತೆ ಮಾತಾಡುತ್ತಲೇ, ಎಳೆದು ಮುಗಿಸುತ್ತಿದ್ದರು.

ಆ ಮೊದಲ ದಿನ ಒಂಬತ್ತಕ್ಕೆ ಹೊರಗೆ ಬಂದು ನೋಡುತ್ತೇನೆ, ನನ್ನ ಅವಮಾನ ಮುಕ್ಕಾಲು ಮಾಯ! ಎರಡು ನಾಯಿ, ಒಂದು ಸ್ಕೂಟರು, ಶಾಲೆಯ ವ್ಯಾನು ಸೇರಿ ಒರೆಸಿಹಾಕಿದ್ದವು. ಎದುರುಮನೆಯ ಚೆಂದದ ರಂಗೋಲಿಗೂ ಅದೇ ಗತಿ. ಹದಿನೆಂಟರ ಹರೆಯದಲ್ಲಿ ನಾನೊಂದು ಕಥೆ ಬರೆದಿದ್ದೆ. ಪತ್ರಿಕೆಯಿಂದ ವಾಪಸು ಬಂತು, ಮತ್ತೆ ಬರೆಯಲಿಲ್ಲ. ಆ ಲಕೋಟೆ ಇನ್ನೂ ಟ್ರಂಕಿನಲ್ಲಿದೆ, ನುಸಿಗುಳಿಗೆಗಳ ನಡುವೆ ಕೆಡದೆ. ಕಾಗದದ ಮೇಲಿನ ತಪ್ಪು ಹಾಗೆ ಕೂತುಬಿಡುತ್ತದೆ. ಬಾಗಿಲ ಮುಂದಿನ ತಪ್ಪಿಗೆ ಆಯಸ್ಸು ಮೂರು ಗಂಟೆ. ಮರುದಿನ ಗುಡಿಸಿದ ನೆಲ ಏನನ್ನೂ ನೆನಪಿಟ್ಟುಕೊಂಡಿರಲಿಲ್ಲ. ಹಾಗಾಗಿ ಮತ್ತೆ 37 ಚುಕ್ಕಿ ಇಟ್ಟೆ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಎಳೆ ಮನೆಗೆ ವಾಪಸಾಯಿತು.

ಸಂಕ್ರಾಂತಿಯ ಹೊತ್ತಿಗೆ ಹೆಂಡತಿಯ ಮಂಡಿ ಸರಿಹೋಯಿತು. ರಂಗೋಲಿ ಡಬ್ಬಿ ಕೇಳಿದಳು, ಕೊಟ್ಟಿಲ್ಲ. ಎಡಗಡೆಯ ತಿರುವಿನಲ್ಲಿ ಈಗಲೂ ಗುಪ್ಪೆ ಬೀಳುತ್ತದೆ. ನೀವು ನಮ್ಮ ಬೀದಿಗೆ ಬರುವುದಾದರೆ ಏಳರೊಳಗೆ ಬನ್ನಿ, ಕಾಲು ನೋಡಿಕೊಂಡು ಇಡಿ. ಒಂಬತ್ತರ ಮೇಲೆ ಬಂದರೆ ಹೇಗೆ ಬೇಕಾದರೂ ತುಳಿಯಿರಿ.